ಆರು ಗಂಟೆಯ ಗೇಟು, ಎಂಟು ಗಂಟೆಯ ಸುದ್ದಿ

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಊರ ಸುದ್ದಿ ಎಲ್ಲಾ ಆದ ಮೇಲೆ ಒಂದೇ ಪ್ರಶ್ನೆ ಕೇಳುತ್ತಾರೆ: ‘ತಿಪ್ಪಣ್ಣಾ, ಬ್ಯಾಟ್ರಿ ಜಲ್ದಿ ಖಾಲಿ ಆಗಾಕತ್ತೈತಿ, ಏನ್ ಮಾಡೋದು?’ ನನಗೆ ಗೊತ್ತಿರುವುದನ್ನು ಹೇಳಿ ಕಳಿಸುತ್ತೇನೆ. ಚಹಾದ ಜೊತೆ ಹೇಳಲಾಗದ ಒಂದು ಸಂಗತಿ ಉಳಿದುಬಿಡುತ್ತದೆ. ಹುಲಿಗೆಪ್ಪ ಎಂಬ ಲಸ್ಕರ್, ಅಂದರೆ ಕಾಲುವೆಯ ಗೇಟು ಎತ್ತಿ ಇಳಿಸುವವನು, ನನ್ನ ಜಾಣತನದಿಂದ ಕೆಲಸ ಕಳೆದುಕೊಂಡ. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಆದರೆ ಕೆಲಸ ಎಂಥದ್ದು ಎಂದು ತಿಳಿಯದೆ ತಪ್ಪು ಎಂಥದ್ದು ಎಂದು ತಿಳಿಯುವುದಿಲ್ಲ. ಆದ್ದರಿಂದ ಮೊದಲು ಕೆಲಸ.

ನಾನು ಓದಿದ್ದು ಎಂಟನೆಯ ಇಯತ್ತೆ. ಕಂಟೋನ್ಮೆಂಟಿನಲ್ಲೇ ಖಾಜಾ ಸಾಬರ ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುವುದು ಕಲಿತೆ. ಗಣಿ ಕಚೇರಿಗಳ ವೈರ್‌ಲೆಸ್ ಸೆಟ್ಟುಗಳು ಅಲ್ಲಿಗೆ ಬರುತ್ತಿದ್ದವು. ಒಮ್ಮೆ ರಿಪೇರಿಯಾದ ಸೆಟ್ಟನ್ನು ಪರೀಕ್ಷಿಸುತ್ತಾ, ಆ ಕಡೆಯವರಿಗೆ ಕೇಳುತ್ತಿಲ್ಲವೆಂದು ನಾನು ಗುಂಡಿ ಒತ್ತಿ ಹಿಡಿದು ಕಿರುಚಿದೆ. ಸಾಬರು ಬೆಸುಗೆ ಕಡ್ಡಿ ಕೆಳಗಿಟ್ಟು ನನ್ನ ಕಡೆ ನೋಡಿದರು.

‘ಕೂಗಬ್ಯಾಡ ಲೇ. ಲೈನಿನ್ಯಾಗ ಗದ್ದಲ ಐತಿ ಅಂದ್ರ ಸಬರ್ ಮಾಡು. ಗದ್ದಲ ಇಳೀಲಿ, ಆಮ್ಯಾಲೆ ಪಿಸುಗುಟ್ಟಿದ್ರೂ ಮುಟ್ಟತೈತಿ. ಈಗ ಕೂಗಿದ್ರ ನಿನ್ನ ಗಂಟಲೂ ಹೋತು, ನನ್ನ ಬ್ಯಾಟ್ರಿನೂ ಹೋತು.’

ಆ ಒಂದು ಮಾತಿನ ಮೇಲೆ ನಾನು ಮೂವತ್ತು ವರ್ಷ ಅನ್ನ ತಿಂದೆ. ಇವತ್ತು ನೀವು ದೊಡ್ಡ ದೊಡ್ಡ ಹೆಸರಿಟ್ಟು ಕಲಿಯುವುದೆಲ್ಲಾ ಅಷ್ಟೇ. ನಮ್ಮ ಕೆಲಸ, ಬ್ಯಾಟರಿಯ ಮೇಲೆ ನಡೆದು, ಅಳತೆಯನ್ನು ವೈರ್‌ಲೆಸ್ಸಿನಲ್ಲಿ ಕಳಿಸುವ ಪೆಟ್ಟಿಗೆಗಳನ್ನು ಕೂರಿಸುವುದು. ನೀರಿನ ಮಟ್ಟವನ್ನೋ ಗೋದಾಮಿನ ತೇವವನ್ನೋ ಅಳೆಯುವುದಕ್ಕೆ ಆ ಪೆಟ್ಟಿಗೆಗೆ ಹೆಚ್ಚು ಶಕ್ತಿ ಬೇಕಿಲ್ಲ. ಅಳೆದದ್ದನ್ನು ಗಾಳಿಯಲ್ಲಿ ಹೇಳುವುದಕ್ಕೆ ಬೇಕು. ಪೆಟ್ಟಿಗೆ ದುಡಿದು ಸಾಯುವುದಿಲ್ಲ, ಮಾತಾಡಿ ಸಾಯುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅನ್ನುತ್ತಾರಲ್ಲ, ಸುಮ್ಮನೆ ಮಾತಾಡುವ ಪೆಟ್ಟಿಗೆಗೆ ಲಾರಿಯ ಬ್ಯಾಟರಿಯೂ ಸಾಲದು. ಸೋಲಾರ್ ಹಲಗೆ ಹಾಕಬಾರದೇ ಎಂದು ಕೇಳಬೇಡಿ. ಕಾಲುವೆಯ ಮೇಲೆ ಹಾಕಿದ ಹಲಗೆ ಮೂರನೆಯ ವಾರಕ್ಕೆ ಯಾರದೋ ಮನೆಯ ಮಾಳಿಗೆ ಏರಿರುತ್ತದೆ.

ಸಾಬರು ತೀರಿಕೊಂಡ ಮೇಲೆ ಒಂದು ಖಾಸಗಿ ಕಂಪನಿ ಸೇರಿದೆ. ಎಲ್ಲೆಲ್ಲಿ ಯಾವ ಹುದ್ದೆ ಸಿಕ್ಕಿತು ಎನ್ನುವುದು ನಿಮಗೆ ಉಪಯೋಗವಿಲ್ಲದ ಮಾತು, ಬಿಡಿ. ಉಪಯೋಗವಿರುವುದು ಸಿರುಗುಪ್ಪದ ಕಥೆ.

ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಭತ್ತದ ಗೋದಾಮಿನ ತೇವ ಅಳೆಯಲು ಪೆಟ್ಟಿಗೆ ಕೂರಿಸಿದ್ದೆ. ಒಂದು ವರ್ಷ ನಡೆಯುತ್ತದೆ ಎಂದು ಮಾಲೀಕರಿಗೆ ಎದೆ ತಟ್ಟಿ ಹೇಳಿ ಬಂದಿದ್ದೆ. ಎರಡು ವಾರಕ್ಕೆ ಸತ್ತಿತು. ಬ್ಯಾಟರಿ ಬದಲಿಸಿದೆ, ಮತ್ತೆ ಎರಡು ವಾರ. ಮೂರನೆಯ ಸಲ ಹೋದಾಗ, ಭತ್ತ ಒಣಗಿಸುವ ಕಣದಲ್ಲಿ ಕಸಬರಿಗೆ ಹಿಡಿದಿದ್ದ ಈರಮ್ಮ ನನ್ನನ್ನು ನೋಡಿ ನಕ್ಕಳು.

‘ಅಣ್ಣಾ, ನಿನ್ನ ಡಬ್ಬಿ ನಮ್ಮ ಅತ್ತಿ ಇದ್ದಂಗ ಐತಿ ನೋಡು. ಕೇಳಾರು ಇಲ್ದಿದ್ರೂ ಒದರ್ತಾನ ಇರತೈತಿ.’

‘ಏನವ್ವಾ ಹಂಗಂದ್ರ?’

‘ಲೋಡ್ ಲಾರಿ ಬಂದು ಆ ಕಿಟಕಿ ಮುಂದ ನಿಂತಾಗೆಲ್ಲ ಕೆಂಪು ದೀಪ ಪಕಪಕ, ಪಕಪಕ. ಲಾರಿ ಹೋತಂದ್ರ ಸುಮ್ಮನಾಗತೈತಿ. ಲಾರಿ ಕಂಡ್ರ ಅದಕ್ಕೇನು ಸಿಟ್ಟೋ!’

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಪೆಟ್ಟಿಗೆ ಸುದ್ದಿ ಕಳಿಸಿದಾಗಲೆಲ್ಲಾ ಆ ದೀಪ ಹೊತ್ತುತ್ತದೆ. ಮೂಟೆ ತುಂಬಿದ ಲಾರಿ ಅಡ್ಡ ನಿಂತರೆ ಸುದ್ದಿ ಆಚೆ ಹೋಗುವುದಿಲ್ಲ. ‘ಮುಟ್ಟಿತು’ ಎಂಬ ಉತ್ತರ ಬರದ ಕಾರಣ ಪೆಟ್ಟಿಗೆ ಅದನ್ನೇ ಮತ್ತೆ ಮತ್ತೆ, ಪೂರ್ತಿ ಜೋರಿನಿಂದ ಕೂಗುತ್ತಿತ್ತು. ಸುಗ್ಗಿಯ ದಿನಗಳು, ದಿನವಿಡೀ ಲಾರಿ. ಉತ್ತರ ಬರದಿದ್ದರೆ ಸುಮ್ಮನಿರು, ಸ್ವಲ್ಪ ಹೊತ್ತು ಬಿಟ್ಟು ಕೇಳು, ಆಗಲೂ ಬರದಿದ್ದರೆ ಇನ್ನೂ ಹೆಚ್ಚು ಹೊತ್ತು ಬಿಡು ಎಂದು ಅದಕ್ಕೆ ಕಲಿಸಿದೆ. ಆಮೇಲೆ ಆ ಬ್ಯಾಟರಿ ವರ್ಷ ದಾಟಿತು. ಕಂಪನಿಯ ಮ್ಯಾನೇಜರ್ ರಾಘವ ರೆಡ್ಡಿ ನನ್ನ ಬೆನ್ನು ತಟ್ಟಿದರು. ಈರಮ್ಮನ ಹೆಸರನ್ನು ನಾನು ಅವರ ಮುಂದೆ ಎತ್ತಲಿಲ್ಲ. ನೋಡಿ, ಅಲ್ಲಿಂದಲೇ ಶುರು. ಹೇಳಬೇಕಾದ ಒಂದು ಮಾತನ್ನು ಹೇಳದೆ ಇದ್ದರೆ ಏನೂ ಕೆಡುವುದಿಲ್ಲ ಎಂದು ನನಗೆ ಆವತ್ತೇ ಅಭ್ಯಾಸವಾಯಿತು.

ಇನ್ನು ಕುರುಗೋಡಿನ ಕಡೆಯ ಕಾಲುವೆ. ಅಲ್ಲಿನ ಒಂದು ಉಪಕಾಲುವೆಯ ಗೇಟುಗಳ ಹತ್ತಿರ ನಮ್ಮ ಪೆಟ್ಟಿಗೆಗಳು ಬಂದವು. ಪ್ರತಿ ಪೆಟ್ಟಿಗೆ ನೀರಿನ ಮಟ್ಟ ಅಳೆದು ಗುಡ್ಡದ ಮೇಲಿನ ಗೋಪುರಕ್ಕೆ ಹೇಳಬೇಕು, ಅಲ್ಲಿಂದ ಅದು ಎಂಜಿನಿಯರ್ ಸಾಹೇಬರ ಪರದೆಗೆ. ಸಾಹೇಬರಿಗೆ ಐದೈದು ನಿಮಿಷಕ್ಕೆ ಲೆಕ್ಕ ಬೇಕು. ರೆಡ್ಡಿ ಅವರು ಬ್ಯಾಟರಿ ಎರಡು ವರ್ಷ ಬರುತ್ತದೆ ಎಂದು ಕರಾರಿನಲ್ಲಿ ಬರೆದುಕೊಟ್ಟಿದ್ದಾರೆ. ಎರಡೂ ಕೂಡಿ ಆಗುವ ಮಾತಲ್ಲ. ಇಂಥ ಕಡೆ ನನ್ನನ್ನು ಕಳಿಸುತ್ತಿದ್ದರು, ಏಕೆಂದರೆ ನಾನು ಚೌಕಾಸಿ ಬಲ್ಲವನು. ನಾನು ಚೌಕಾಸಿ ಮಾಡುತ್ತಿದ್ದದ್ದು ದರಕ್ಕಲ್ಲ, ತಡಕ್ಕೆ. ಎಷ್ಟು ತಡ ಒಪ್ಪುತ್ತೀರಿ ಎಂದು ಗಿರಾಕಿಯ ಬಾಯಿಂದ ಹೊರಡಿಸಿದರೆ ಅರ್ಧ ಕೆಲಸ ಆದಂತೆ. ತಡ ಸಿಕ್ಕಷ್ಟೂ ಪೆಟ್ಟಿಗೆ ಕಾಯಬಹುದು, ಗಾಳಿ ತಿಳಿಯಾದಾಗ ಮೆಲ್ಲಗೆ ಹೇಳಬಹುದು, ಎಂಟು ಅಳತೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಕಳಿಸಬಹುದು. ಕುರುಗೋಡು ಬಸ್‌ಸ್ಟ್ಯಾಂಡಿನ ಕ್ರೂಸರ್ ಗಾಡಿಯವನನ್ನು ನೋಡಿಲ್ಲವೇ, ಸೀಟು ತುಂಬುವ ತನಕ ಚಾವಿ ತಿರುಗಿಸುವುದಿಲ್ಲ. ನನ್ನ ಪೆಟ್ಟಿಗೆಯೂ ಹಾಗೆ.

ಸಾಹೇಬರು ಬಗ್ಗಲಿಲ್ಲ. ಕೊನೆಗೆ ಅಂದರು, ‘ಗೇಟಿನ ಮ್ಯಾಲೆ ಇರೋನು ಹುಲಿಗೆಪ್ಪ. ಇಷ್ಟು ತಡ ಆದ್ರೂ ನಡೀತದ ಅಂತ ಅವ ಅಂದ್ರ ನಂದೇನೂ ತಕರಾರಿಲ್ಲ.’

ಹುಲಿಗೆಪ್ಪ ಹದಿನಾಲ್ಕು ವರ್ಷದಿಂದ ದಿನಗೂಲಿ ಲಸ್ಕರ್. ಕಾಯಂ ಮಾಡುವ ಪಟ್ಟಿಯಲ್ಲಿ ಈ ಸಲ ಅವನ ಹೆಸರಿದೆ ಎಂದು ಎಲ್ಲರಿಗೂ ಗೊತ್ತಿತ್ತು. ತಾಸಿಗೊಮ್ಮೆ ನೀರಿನ ಮಟ್ಟದ ಗೇಜು ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ಅವನಿಗೆ ತಲೆನೋವಿನ ಕೆಲಸ, ಅಕ್ಷರ ಕೂಡಿಸಿ ಕೂಡಿಸಿ ಬರೆಯುವವನು. ನಾನು ಗೇಟಿನ ಕಟ್ಟೆಯ ಮೇಲೆ ಅವನ ಪಕ್ಕ ಕೂತೆ, ಎಲೆ ಅಡಿಕೆ ಕೊಟ್ಟೆ.

‘ಎರಡು ತಾಸು ತಡ ಒಪ್ಕೋ ಹುಲಿಗೆಪ್ಪಾ. ನಿನ್ನ ರಿಜಿಸ್ಟರ್ ಬರಿಯೋದು ನಾ ತಪ್ಪಸ್ತೀನಿ.’

‘ಖರೇ ಏನಣ್ಣಾ?’

‘ಡಬ್ಬಿ ಬರೀತೈತಲ್ಲೋ, ನೀ ಯಾಕ ಬರೀಬೇಕು?’

‘ಹಂಗಾದ್ರ ಮೂರು ತಾಸು ತಗೋ!’ ಎಂದು ನಕ್ಕ. ಆಮೇಲೆ ತಾನೇ ಇನ್ನೊಂದು ಗುಟ್ಟು ಬಿಟ್ಟುಕೊಟ್ಟ: ‘ತೆನಿ ಕಟ್ಟೋ ಕಾಲಕ್ಕ ಮುಂಜಾನಿ ಹೊತ್ತು ನಿನ್ನ ಡಬ್ಬಿ ಭಾಳ ಒದ್ದಾಡತೈತಿ ನೋಡು. ಭತ್ತದ ಮ್ಯಾಲೆ ಮಂಜು ಕುಂತಿರತೈತಲ್ಲ, ಅದಕ್ಕ ಇರಬೇಕು. ಬಿಸಿಲು ಏರಿದ ಮ್ಯಾಲೆ ಕಳಸಾಕ ಹೇಳು.’

ಆ ಮಾತು ಖರೆ. ನಮ್ಮ ಕಂಬಗಳು ಗಿಡ್ಡ. ನಾಟಿಯ ಕಾಲದಲ್ಲಿ ಗದ್ದೆಯ ಮೇಲೆ ಬಯಲು, ಸುದ್ದಿ ಸಲೀಸಾಗಿ ಹೋಗುತ್ತದೆ. ಎದೆಯೆತ್ತರ ಬೆಳೆದ ಹಸಿ ಪೈರಿನ ಮೇಲೆ ಮಂಜು ಕೂತಾಗ ಅರ್ಧಕ್ಕರ್ಧ ಅಲ್ಲೇ ಇಂಗಿಹೋಗುತ್ತದೆ. ಪುಸ್ತಕ ಓದಿದ ಎಂಜಿನಿಯರುಗಳು ಮೂರು ಸಲ ಬಂದು ಕಂಡುಹಿಡಿಯದೆ ಹೋದದ್ದನ್ನು ಅವನು ಕಟ್ಟೆಯ ಮೇಲೆ ಕೂತು ಹೇಳಿದ್ದ. ಮುಂಜಾನೆ ಗಾಳಿ ಕೆಟ್ಟಿದ್ದರೆ ಎರಡು ತಾಸಿನ ಗಡುವು ಮುಗಿಯುವ ತನಕ ಕಾದು, ಆಮೇಲೆ ಮಾತ್ರ ಕಳಿಸು ಎಂದು ಪೆಟ್ಟಿಗೆಗೆ ಹೇಳಿಕೊಟ್ಟೆ. ರಿಜಿಸ್ಟರ್ ನಿಲ್ಲಿಸಲು ಸಾಹೇಬರಿಂದ ಒಪ್ಪಿಗೆಯನ್ನೂ ತಂದೆ.

ಇಷ್ಟಕ್ಕೇ ನಿಂತಿದ್ದರೆ ಈ ಬರಹ ಬೇಕಿರಲಿಲ್ಲ. ನನಗೆ ಇನ್ನೂ ಉಳಿಸುವ ಹುಚ್ಚು. ಗಾಳಿಯಲ್ಲಿ ಕಳಿಸುವ ಒಂದೊಂದು ಅಕ್ಷರಕ್ಕೂ ಬ್ಯಾಟರಿ ಸವೆಯುತ್ತದೆ. ಪ್ರತಿ ಗಂಟಿನಲ್ಲಿ ಅಳತೆಗಳ ಜೊತೆ ‘ಇದು ಇಷ್ಟು ಹೊತ್ತಿನ ಹಿಂದಿನದು’ ಎಂದು ತೋರಿಸುವ ಒಂದು ಅಂಕಿ ಇತ್ತು. ಬರೀ ಒಂದು ಅಕ್ಷರದಷ್ಟು ಜಾಗ. ಅದನ್ನು ಕತ್ತರಿಸಿದೆ. ಅಳತೆ ಹದಿನೈದು ನಿಮಿಷಕ್ಕೊಂದು, ಗಂಟಿನಲ್ಲಿ ಎಂಟು. ಕೊನೆಯದು ಈಗಿನದು, ಅಲ್ಲಿಂದ ಹಿಂದಕ್ಕೆ ಎಣಿಸಿಕೊಂಡರೆ ಆಯಿತು ಎಂದು ಕಂಪನಿಯಲ್ಲಿ ಪರದೆಯ ಕೆಲಸ ನೋಡುವವರಿಗೆ ಫೋನಿನಲ್ಲಿ ಹೇಳಿದೆ. ಹ್ಞೂಂ ಅಂದರು. ಕಾಗದದ ಮೇಲೆ ಬರೆದುಕೊಡಲಿಲ್ಲ. ನಾನು ಬಾಯಿಮಾತಿನಲ್ಲೇ ವ್ಯವಹಾರ ಮಾಡಿ ಮೇಲೆ ಬಂದವನು, ಕಾಗದ ಅಂದರೆ ನಂಬಿಕೆ ಇಲ್ಲದವರ ಕೆಲಸ ಎಂದು ತಿಳಿದಿದ್ದೆ. ಫೋನೆತ್ತಿದವರು ಮುಂದೆ ಕೆಲಸ ಬಿಟ್ಟು ಹೋದರು, ನನ್ನ ಮಾತೂ ಅವರ ಜೊತೆಗೆ ಹೋಯಿತು. ಪರದೆ ಎಂಟೂ ಅಳತೆಗಳಿಗೆ ಗಂಟು ಬಂದು ಮುಟ್ಟಿದ ಹೊತ್ತನ್ನೇ ಹಚ್ಚುತ್ತಾ ಹೋಯಿತು.

ಯಾರಿಗೂ ತಿಳಿಯಲಿಲ್ಲ. ಕಾಲುವೆಯಲ್ಲಿ ದಿನವೂ ಒಂದೇ ಮಟ್ಟದ ನೀರು ಹರಿಯುವಾಗ ಎರಡು ತಾಸು ಹಿಂದೆಮುಂದೆ ಆದರೆ ಯಾರಿಗೇನು? ಗೊತ್ತಾಗುವುದು ನೀರಿನ ಪಾಳಿ ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಬದಲಾಗುವ ದಿನ ಮಾತ್ರ.

ತೆನೆ ಕಟ್ಟುವ ಕಾಲ. ಮೇಲಿನ ಹಳ್ಳಿಗಳ ಪಾಳಿ ಮುಗಿದು, ಕಾಲುವೆಯ ಕೊನೆಯ ಹಳ್ಳಿಗಳಿಗೆ ಬೆಳಿಗ್ಗೆ ಆರಕ್ಕೆ ಗೇಟು ಎತ್ತಬೇಕು ಎಂದು ಆದೇಶ. ಆವತ್ತು ನೀರು ಕೊನೆಯವರಿಗೆ ಕಡಿಮೆ ಮುಟ್ಟಿತು. ನಡುವೆ ಎಲ್ಲಿ ಯಾರು ಮೋಟರು ಹಚ್ಚಿ ಎತ್ತಿಕೊಂಡರೋ ದೇವರಿಗೇ ಗೊತ್ತು. ಕೊನೆಯ ಹಳ್ಳಿಯವರು ಟ್ರ್ಯಾಕ್ಟರಿನಲ್ಲಿ ಕಚೇರಿಗೆ ಬಂದರು. ಸಾಹೇಬರು ಪರದೆ ತೆಗೆದರು. ನೀರು ಏರಿದ್ದು ಎಂಟು ಗಂಟೆ ದಾಟಿದ ಮೇಲೆ! ಎಲ್ಲರ ಮುಂದೆ ಹುಲಿಗೆಪ್ಪನನ್ನು ಕರೆಸಿದರು. ಪೆಟ್ಟಿಗೆಯವನು ಎಂದು ನನ್ನನ್ನೂ ಕರೆಸಿದ್ದರು.

‘ಎರಡು ತಾಸು ಮ್ಯಾಲಿನೋರಿಗೆ ನೀರು ಬಿಟ್ಟಿಯಲ್ಲೋ. ಏನು ಕೊಟ್ರು ನಿನಗ?’

‘ಯಪ್ಪಾ, ದೇವರಾಣಿ, ಆರಕ್ಕ ಎತ್ತೀನ್ರಿ. ಗೇಟಿನ ಗ್ವಾಡಿ ಮ್ಯಾಲೆ ಇದ್ದಲಿಲೆ ಬರದೀನ್ರಿ, ಬಂದು ನೋಡ್ರಿ.’

‘ಗ್ವಾಡಿ ಮ್ಯಾಲೆ ಯಾವಾಗ ಬೇಕಾದ್ರೂ ಬರೀಬಹುದು. ರಿಜಿಸ್ಟರ್ ಎಲ್ಲೈತಿ?’

ಹುಲಿಗೆಪ್ಪ ನನ್ನ ಕಡೆ ತಿರುಗಿ ನೋಡಿದ. ರಿಜಿಸ್ಟರ್ ನಿಲ್ಲಿಸಿದವನು ನಾನು. ‘ಪೆಟ್ಟಿಗೆ ಒಮ್ಮೆ ನೋಡಿಬಂದು ಹೇಳ್ತೀನ್ರಿ’ ಎಂದು ನಾನು ಎದ್ದೆ. ಗುಂಪಿನಲ್ಲಿ ಯಾರೋ ‘ಡಬ್ಬಿಗೆ ಲಂಚ ಗೊತ್ತಿಲ್ಲಪ್ಪಾ, ಅದಕ್ಕ ಖರೇ ಹೇಳೈತಿ’ ಅಂದರು. ಎಲ್ಲರೂ ನಕ್ಕರು.

ಗೇಟಿಗೆ ಹೋಗಿ ಪೆಟ್ಟಿಗೆಗೆ ಲ್ಯಾಪ್‌ಟಾಪ್ ಹಚ್ಚಿದೆ. ಒಳಗಿನ ನೆನಪಿನಲ್ಲಿ ಎಲ್ಲಾ ಇತ್ತು. ಆರು ಗಂಟೆಯ ಅಳತೆಯ ಮುಂದಿನದರಲ್ಲೇ ನೀರು ಏರಿದೆ. ಆಮೇಲೆ ಮಂಜು, ಕೆಟ್ಟ ಗಾಳಿ, ಕಾಯುವುದು, ಗಡುವಿನ ಕೊನೆಗೆ ಒಂದೇ ಗಂಟಾಗಿ ಕಳಿಸುವುದು. ನಾನು ಕಲಿಸಿದ್ದನ್ನು ಪೆಟ್ಟಿಗೆ ಚಾಚೂ ತಪ್ಪದೆ ಮಾಡಿತ್ತು. ಗೋಡೆಯ ಮೇಲೆ ಇದ್ದಲಿನಲ್ಲಿ ಸೊಟ್ಟ ಅಕ್ಷರದ ‘೬’ ಕೂಡ ಇತ್ತು. ಹತ್ತು ನಿಮಿಷದಲ್ಲಿ ಸತ್ಯ ನನ್ನ ತೊಡೆಯ ಮೇಲಿತ್ತು.

ಅಲ್ಲಿಂದ ನೇರ ಸಾಹೇಬರ ಕಚೇರಿಗೆ ಹೋಗಬೇಕಿತ್ತು. ನಾನು ಬಳ್ಳಾರಿಗೆ, ರೆಡ್ಡಿ ಅವರ ಹತ್ತಿರ ಹೋದೆ.

ರೆಡ್ಡಿ ಪೂರ್ತಿ ಕೇಳಿಸಿಕೊಂಡರು. ‘ಏಮಯ್ಯಾ ತಿಪ್ಪಣ್ಣ, ಒಂದು ಡಬ್ಬಿ ತಪ್ಪು ಅಂದ್ರ ಎಲ್ಲಾ ಡಬ್ಬಿ ತಪ್ಪು ಅಂದಂಗ ಆಗತೈತಿ. ಮುಂದಿನ ತಿಂಗಳು ಕರಾರು ಹೊಸದು ಮಾಡೋರದಾರ. ನೀನೇ ಕತ್ತರಿಸಿದ ಅಕ್ಷರ ಅದು. ಬಾಯಿ ತೆರೆಯೋದು ನೀನಾ, ನಾನಾ?’

ಆಗ ನಾನು ನನಗೆ ಗೊತ್ತಿದ್ದ ವಿದ್ಯೆಯನ್ನೇ ಬಳಸಿದೆ, ಚೌಕಾಸಿ. ಪರದೆಯನ್ನು ಸದ್ದಿಲ್ಲದೆ ಸರಿಮಾಡಬೇಕು. ಕತ್ತರಿಸಿದ ಅಂಕಿಯನ್ನು ಮತ್ತೆ ಹಚ್ಚುತ್ತೇನೆ, ಬ್ಯಾಟರಿ ಎಷ್ಟು ಬೇಗ ಹೋದರೂ ನನ್ನನ್ನು ಕೇಳಬಾರದು. ಹುಲಿಗೆಪ್ಪನ ಕೆಲಸ ಹೋದರೆ ಸಿರುಗುಪ್ಪದ ಮಿಲ್ಲಿನಲ್ಲಿ ಅವನಿಗೆ ಕಾವಲು ಕೆಲಸ ಕೊಡಿಸಬೇಕು. ರೆಡ್ಡಿ ಮೂರಕ್ಕೂ ಒಪ್ಪಿದರು. ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ತಿಳಿಯಬೇಕಿತ್ತು. ಎದುರಿನವನು ತಟ್ಟನೆ ಒಪ್ಪಿದರೆ ನೀವು ಕೇಳಬೇಕಾದದ್ದನ್ನು ಕೇಳಿಲ್ಲ ಎಂದೇ ಅರ್ಥ.

ಹುಲಿಗೆಪ್ಪನಿಗೆ ಹೇಳಲು ಹೋದೆ. ತಪ್ಪು ಪೆಟ್ಟಿಗೆಯದು ಎಂದೂ ಹೇಳಿದೆ, ಮಿಲ್ಲಿನ ಕೆಲಸದ ಮಾತನ್ನೂ ಹೇಳಿದೆ. ಅವನು ಕೆಲಸದ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

‘ಅಣ್ಣಾ, ಕಾಯಂ ಆಗದಿದ್ರ ಹೋಗ್ಲಿ. ಆರಕ್ಕ ಎತ್ಯಾನ ಅಂತ ಸಾಹೇಬ್ರ ಮುಂದ, ಆ ಮಂದಿ ಮುಂದ ಒಂದು ಮಾತು ಹೇಳು. ನನ್ನ ಹೆಂಡ್ತಿ ತವರು ಕೊನೀ ಹಳ್ಳಿನ. ನೀರು ಮಾರಿಕೊಂಡಾವನ ಹೆಂಡ್ತಿ ಅಂತ ಆಕಿನ್ನ ಅಲ್ಲಿ ಬಾವಿ ಕಟ್ಟಿ ಹತ್ತಾಕ ಬಿಡವಲ್ರು.’

‘ಹೇಳ್ತೀನೋ. ಈಗ ಎಲ್ಲಾರೂ ಬಿಸಿ ಅದಾರ. ಸ್ವಲ್ಪ ತಣ್ಣಗಾಗ್ಲಿ. ಟೈಮ್ ನೋಡಿ ಹೇಳ್ತೀನಿ.’

ಖಾಜಾ ಸಾಬರ ಮಾತನ್ನು ನಾನು ಹೀಗೆ ಬಳಸಿಕೊಂಡೆ. ಗದ್ದಲ ಇಳಿಯಲಿ, ಆಮೇಲೆ ಮೆಲ್ಲಗೆ ಹೇಳಿದರೂ ಮುಟ್ಟುತ್ತದೆ. ಗದ್ದಲ ಇಳಿಯಿತು. ಕರಾರು ಹೊಸದಾಯಿತು. ಪಟ್ಟಿಯಿಂದ ಹುಲಿಗೆಪ್ಪನ ಹೆಸರು ಹೋಯಿತು, ಗೇಟಿಗೆ ಬೇರೊಬ್ಬ ಬಂದ, ಅವನು ಬೇರೆ ದಾರಿ ಕಾಣದೆ ಮಿಲ್ಲಿನ ಕಾವಲಿಗೆ ಸೇರಿದ. ಸಾಹೇಬರು ವರ್ಗವಾಗಿ ಹೋದರು. ಈಗ ಗಾಳಿ ತಿಳಿಯಾಗಿತ್ತು, ಕೇಳುವವರು ಮಾತ್ರ ಇರಲಿಲ್ಲ. ನನ್ನ ಪೆಟ್ಟಿಗೆಗಾದರೂ ಎರಡು ತಾಸಿನ ಗಡುವು ಇತ್ತು, ಗಡುವು ಮುಗಿದರೆ ಮಂಜಿದ್ದರೂ ಗದ್ದಲವಿದ್ದರೂ ಕೂಗಲೇಬೇಕು ಎಂದು ಕಲಿಸಿದ್ದೆ. ನನಗೆ ನಾನು ಗಡುವು ಹಾಕಿಕೊಂಡಿರಲಿಲ್ಲ.

ಹೊಸಬರೇ, ಕೇಳಿ. ಶಕ್ತಿ ಉಳಿಸಿ, ಬೇಡ ಅನ್ನುವುದಿಲ್ಲ. ಕಾಯಿರಿ, ಗಂಟು ಕಟ್ಟಿರಿ, ಮೆಲ್ಲಗೆ ಕಳಿಸಿರಿ. ಆದರೆ ಹೊತ್ತನ್ನು ಕತ್ತರಿಸಬೇಡಿ. ನಡೆದ ಹೊತ್ತು ಬೇರೆ, ಮುಟ್ಟಿದ ಹೊತ್ತು ಬೇರೆ. ಎರಡನ್ನೂ ಬರೆಯಿರಿ, ಕಾಗದದ ಮೇಲೆ ಬರೆಯಿರಿ. ಪೆಟ್ಟಿಗೆ ಬಂತೆಂದು ಮನುಷ್ಯ ಬರೆಯುವುದನ್ನು ನಿಲ್ಲಿಸಬೇಡಿ. ಎಷ್ಟು ತಡ ನಡೆಯುತ್ತದೆ ಎಂದು ಕೇಳುವಾಗ, ತಡವಾದರೆ ಯಾರ ಕುತ್ತಿಗೆಗೆ ಬರುತ್ತದೆ ಎಂದೂ ಕೇಳಿ. ನಾನು ಹುಲಿಗೆಪ್ಪನಿಂದ ಎರಡು ತಾಸು ತೆಗೆದುಕೊಂಡಾಗ ಇದನ್ನು ಕೇಳಿರಲಿಲ್ಲ, ಅವನಿಗೆ ಹೇಳಲೂ ಇಲ್ಲ.

ನಿವೃತ್ತನಾದ ಮೇಲೆ ಕೂತು ಒಂದು ಕಾಗದ ಬರೆದೆ. ನಡೆದದ್ದೆಲ್ಲಾ ಬರೆದೆ. ಆವತ್ತು ಹುಲಿಗೆಪ್ಪ ಗೇಟು ಎತ್ತಿದ್ದು ಆರು ಗಂಟೆಗೆ, ತಪ್ಪು ನನ್ನದು. ಕೆಳಗೆ ಸಹಿ. ಒಂದು ಪ್ರತಿ ಕಾಲುವೆ ಕಚೇರಿಗೆ ಕೊಟ್ಟೆ. ಅಲ್ಲಿ ಹೊಸ ಗುಮಾಸ್ತರು ಮೊದಲ ಪುಟ ಓದಿ, ‘ಯಾವ ಹುಲಿಗೆಪ್ಪ ರೀ?’ ಎಂದು ಕೇಳಿ, ಠಸ್ಸೆ ಹೊಡೆದು ಫೈಲಿಗೆ ಸೇರಿಸಿದರು. ಇನ್ನೊಂದು ಪ್ರತಿ ಹಿಡಿದು ಬೆಳಗಿನ ಬಸ್ಸಿಗೆ ಸಿರುಗುಪ್ಪಕ್ಕೆ ಹೋದೆ.

ಹುಲಿಗೆಪ್ಪ ಮಿಲ್ಲಿನ ಗೇಟಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಬಂದ ಲಾರಿಗಳ ನಂಬರು, ಹೊತ್ತು, ಒಂದು ರಿಜಿಸ್ಟರಿನಲ್ಲಿ ಬರೆಯುವುದು ಈಗ ಅವನ ಕೆಲಸ. ಅಕ್ಷರ ಹಿಂದಿನಷ್ಟು ಸೊಟ್ಟಗಿರಲಿಲ್ಲ. ‘ಬಾ ಅಣ್ಣಾ’ ಎಂದು ಸ್ಟೂಲು ಬಿಟ್ಟುಕೊಟ್ಟ. ನಾನು ಕಾಗದ ಕೊಟ್ಟೆ. ಬೆರಳಿಟ್ಟು ಒಂದೊಂದೇ ಸಾಲು ಓದಿದ. ‘ಆರು ಗಂಟೆಗೆ’ ಎಂಬಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು. ಮುಂದಕ್ಕೆ ಹೋಗಿ, ಕೆಳಗೆ ನನ್ನ ಸಹಿಯ ಹತ್ತಿರ ಮತ್ತೆ ನಿಂತಿತು.

‘ಕೊನೀ ಹಳ್ಳಿ ಮಾವ ಹೋದ ವರ್ಷ ತೀರಿಕೊಂಡ್ರು’ ಅಂದ. ‘ಇದನ್ನ ತೋರಸಬೇಕಾದವರು ಅವರಷ್ಟೇ ಇದ್ರು.’

ಅವನು ಕಾಗದವನ್ನು ನನ್ನ ಕಡೆ ತಿರುಗಿಸಿ, ಸಹಿಯ ಕೆಳಗೆ ಬೆರಳಿಟ್ಟು ತೋರಿಸಿದ.

‘ಎಲ್ಲಾ ಸರಿ ಬರದೀಯಣ್ಣಾ. ಆದ್ರ ತಾರೀಕು ಈಗಿಂದು ಹಾಕೀಯಲ್ಲ. ಆ ದಿನದ್ದು ಎಲ್ಲೈತಿ?’